ಇಸಿಎಂ ಸುಟ್ಟಿತ್ತು ನಿಜ, ಸುಟ್ಟಿದ್ದು ಯಾಕೆ? ಹಳೆಯ ಕಾರೊಂದರ ಪ್ರಕರಣ

ಗಾಡಿ 2003ರದ್ದು. 1.1 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್), ಅದನ್ನೂ ಕಿಡಿಯನ್ನೂ ನಡೆಸುವ ಕಂಪ್ಯೂಟರ್ ಡಬ್ಬ ಇಸಿಎಂ, ಕೀಲಿಯಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಚಿಪ್. ಮಾಲೀಕರು ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. ಹೊಸದರಲ್ಲಿ ತಾವೇ ಕೊಂಡ ಗಾಡಿ. 15 ವರ್ಷ ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ ಎರಡು ಸಲ ಆರ್‌ಸಿ ನವೀಕರಿಸಿಕೊಂಡಿದ್ದಾರೆ, ಮಾರುವ ಯೋಚನೆಯೇ ಇಲ್ಲ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಪ್ಪತ್ತು ವರ್ಷ ದಾಟಿದ ಗಾಡಿಯ ತೊಂದರೆಗೆ ತಯಾರಿಸಿದವರನ್ನು ದೂರುವುದು ನ್ಯಾಯವಲ್ಲ. ಆ ಕಾಲದ ಯಾವ ಗಾಡಿಯಲ್ಲಾದರೂ ಹೀಗೇ ಆಗಬಹುದಿತ್ತು.

ದೂರು ಇಷ್ಟೇ: ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಇಲ್ಲ, ಪೆಟ್ರೋಲ್ ಮಾತ್ರ ಕುಡಿಯುತ್ತಿದೆ. ಉಡುಪಿಯಿಂದ ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಗಾಡಿ ಫಸ್ಟ್ ಗೇರಿನಲ್ಲೇ ತೆವಳಿಕೊಂಡು ಮೇಲೆ ಬಂದಿತ್ತು. ಅದಾದ ಮೇಲೆ ಊರಿನ ಹತ್ತಿರದ ಮೆಕ್ಯಾನಿಕ್ ಕೈಯಲ್ಲಿ ಫ್ಯೂಯಲ್ ಪಂಪ್, ಫಿಲ್ಟರ್, ಆಕ್ಸಿಜನ್ ಸೆನ್ಸರ್ ಒಂದೊಂದಾಗಿ ಬದಲಾಗಿದ್ದವು, ಇಂಜೆಕ್ಟರ್ ಕ್ಲೀನಿಂಗೂ ಆಗಿತ್ತು. ಯಾವುದರಿಂದಲೂ ಏನೂ ಫರಕು ಬೀಳಲಿಲ್ಲ. ಕೊನೆಗೆ "ಇಸಿಎಂ ಹೋಗಿದೆ" ಎಂದು ತೀರ್ಮಾನ. ಗುಜರಿಯಿಂದ ಅಂಥದ್ದೇ ಒಂದು ಇಸಿಎಂ ತಂದು ಹಾಕಿ ನೋಡಿದರೆ ಗಾಡಿ ಸ್ಟಾರ್ಟೇ ಆಗಲಿಲ್ಲ. "ಇದೂ ಹೋಗಿರೋದೇ" ಎಂದು ಅದನ್ನು ವಾಪಸ್ ಕೊಟ್ಟು, ಹಳೆಯದನ್ನೇ ಮತ್ತೆ ಕೂರಿಸಿದ್ದರು. ಗಾಡಿ ಶಿವಮೊಗ್ಗದ ನಮ್ಮ ಶೆಡ್ಡಿಗೆ ಬಂದಾಗ ಇದ್ದ ಸ್ಥಿತಿ ಇದು.

ಮೊದಲೇ ಹೇಳಿಬಿಡುತ್ತೇನೆ: ಇಸಿಎಂ ಹೋಗಿದೆ ಎಂಬ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ಗುಜರಿಯ ಆ ಇಸಿಎಂ ಅವತ್ತು ಕೆಲಸ ಮಾಡಿಬಿಟ್ಟಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಅದೂ ಸುಟ್ಟುಹೋಗುತ್ತಿತ್ತು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಕೂತಿರುವುದು ಆ ಕಾರಣಕ್ಕೆ.

ಸೆನ್ಸರ್ ಹೇಳಿದ್ದು, ಕೇಳಿದವರಿಗೆ ಅರ್ಥವಾದದ್ದು

ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ (ಗಾಡಿಯೇ ತನ್ನ ದೋಷ ಗುರುತಿಸಿ ಹೇಳುವ ವ್ಯವಸ್ಥೆ) ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಿಂದ, ಅದರ ಎರಡನೇ ಹಂತ ಬಂದಿದ್ದು 2013ರ ಏಪ್ರಿಲ್‌ನಿಂದ. ಅದಕ್ಕೆ ಹಿಂದಿನ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಕಪ್ಲರ್ ಇದ್ದರೂ, ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಅದರೊಂದಿಗೆ ಮಾತಾಡುತ್ತದೆ ಅನ್ನುವ ಭರವಸೆ ಇಲ್ಲ. ಇದರಲ್ಲೂ ಮಾತಾಡಲಿಲ್ಲ. 7ನೇ ಪಿನ್ನಿನಲ್ಲಿ ಕೆ-ಲೈನ್ (ಸ್ಕ್ಯಾನರ್ ಜೊತೆ ಮಾತಾಡುವ ತಂತಿ) ಇತ್ತು, ಹಾಗಾಗಿ ಆ ಕಂಪನಿಯ ಹಳೆಯ ಭಾಷೆ ಗೊತ್ತಿರುವ ನಮ್ಮ ವರ್ಕ್‌ಶಾಪ್ ಸ್ಕ್ಯಾನರ್ ಹಾಕಿದಾಗ ಸಂಪರ್ಕ ಸಿಕ್ಕಿತು. ಸಂಪರ್ಕ ಸಿಕ್ಕಿದ್ದೇ ಒಂದು ಮುಖ್ಯ ಸುಳಿವು. ಇಸಿಎಂ ಬದುಕಿದೆ, ಅದಕ್ಕೆ ಕರೆಂಟ್ ಸಿಗುತ್ತಿದೆ, ಪ್ರೊಸೆಸರ್ ಓಡುತ್ತಿದೆ ಎಂದಾಯಿತು. ಪೂರ್ತಿ ಸತ್ತ ಇಸಿಎಂ ಸ್ಕ್ಯಾನರಿಗೆ ಉತ್ತರವನ್ನೇ ಕೊಡುವುದಿಲ್ಲ.

ದೋಷದ ಕೋಡ್ ಒಂದೂ ಇರಲಿಲ್ಲ. ಆ ಕಾಲದ ಬಹಳಷ್ಟು ಇಸಿಎಂಗಳಿಗೆ ಮಿಸ್‌ಫೈರ್ ಗುರುತಿಸುವ ಶಕ್ತಿಯೇ ಇಲ್ಲ, ಆದ್ದರಿಂದ ಕೋಡ್ ಇಲ್ಲದಿರುವುದರಿಂದ ಏನೂ ತೀರ್ಮಾನಿಸುವಂತಿಲ್ಲ. ಲೈವ್ ಡೇಟಾ ಮಾತ್ರ ಬೇಕಾದಷ್ಟು ಹೇಳುತ್ತಿತ್ತು. ಕೀ ಆನ್, ಎಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡ ಅಳೆಯುವುದು) 95 ಕಿಲೋಪಾಸ್ಕಲ್ ತೋರಿಸಿತು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಇದು ಸರಿಯಾದ ಅಂಕಿ, ಸೆನ್ಸರ್ ನಂಬಬಹುದು. ಎಂಜಿನ್ ಓಡುವಾಗ ಐಡ್ಲಿಂಗಿನಲ್ಲಿ 35ರ ಆಸುಪಾಸು ಇರಬೇಕಿದ್ದ ಅದೇ ಅಂಕಿ 58 ಇತ್ತು, ಅಂದರೆ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲಿಕ್ಕೇ ಏದುಸಿರು ಬಿಡುತ್ತಿದೆ. ಆಕ್ಸಿಜನ್ ಸೆನ್ಸರ್ 0.1 ವೋಲ್ಟಿನಲ್ಲೇ ಅಂಟಿಕೊಂಡಿತ್ತು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಎಂ ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡಿಕೊಳ್ಳುವ ಅಳತೆ, ಪ್ಲಸ್ ಶೇ. 25ಕ್ಕೆ ಹೋಗಿ ನಿಂತಿತ್ತು.

ಮೊದಲಿನವರು ಪೆಟ್ರೋಲಿನ ದಾರಿ ಹಿಡಿದಿದ್ದು ಇದನ್ನು ನೋಡಿಯೇ. 0.1 ವೋಲ್ಟ್ ಅಂದರೆ ಲೀನ್, ಲೀನ್ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಹಾಗಾದರೆ ಪಂಪ್, ಫಿಲ್ಟರ್, ಇಂಜೆಕ್ಟರ್. ತರ್ಕ ಸರಳವಾಗಿದೆ. ಆದರೆ ಈ ಸೆನ್ಸರಿಗೆ ಪೆಟ್ರೋಲ್ ಕಾಣಿಸುವುದೇ ಇಲ್ಲ. ಅದು ಅಳೆಯುವುದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮಾತ್ರ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದಿದ್ದರೆ ಅಲ್ಲಿಗೆ ಹೋದ ಗಾಳಿ ಸುಡದೆ ಹಾಗೇ ಹೊರಬರುತ್ತದೆ, ಜೊತೆಗೆ ಹೋದ ಪೆಟ್ರೋಲೂ ಹಾಗೇ ಬರುತ್ತದೆ. ಸೆನ್ಸರ್ ಆಮ್ಲಜನಕ ಕಂಡು "ಲೀನ್" ಅನ್ನುತ್ತದೆ, ಇಸಿಎಂ ಅದನ್ನು ನಂಬಿ ನಾಲ್ಕೂ ಸಿಲಿಂಡರಿಗೆ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೀಗಾಗಿ ಸ್ಕ್ಯಾನರಿನಲ್ಲಿ ಲೀನ್, ಸೈಲೆನ್ಸರಿನಲ್ಲಿ ಮೂಗಿಗೆ ರಾಚುವ ಪೆಟ್ರೋಲ್ ವಾಸನೆ. ಈ ಎರಡೂ ಒಟ್ಟಿಗೆ ಕಂಡರೆ ಪಂಪಿನ ತಂಟೆಗೆ ಹೋಗಬೇಡಿ, ಕಿಡಿಯ ಕಡೆ ನೋಡಿ. ಗ್ಯಾಸ್ ಅನಲೈಸರ್ ಹಾಕಿದಾಗ ಇದು ಅಂಕಿಯಲ್ಲೂ ಕಂಡಿತು: ಎಚ್‌ಸಿ (ಹೊಗೆಯಲ್ಲಿನ ಸುಡದ ಪೆಟ್ರೋಲ್) 2,000 ಪಿಪಿಎಂಗಿಂತ ಮೇಲೆ, ಆಮ್ಲಜನಕ ಶೇ. 8ಕ್ಕಿಂತ ಮೇಲೆ.

ಫ್ಯೂಯಲ್ ಪ್ರೆಶರ್ 3 ಬಾರ್ ಇತ್ತು, ಸರಿ ಇದೆ. ಕಂಪ್ರೆಷನ್ ನಾಲ್ಕರಲ್ಲೂ 165ರಿಂದ 172 ಪಿಎಸ್‌ಐ ಒಳಗೆ. ಎಂಜಿನ್ ಗಟ್ಟಿಮುಟ್ಟಾಗಿದೆ.

ಜೋಡಿಯಾಗಿ ಸತ್ತ ಸಿಲಿಂಡರ್‌ಗಳು

ಪ್ಲಗ್ ಬಿಚ್ಚಿದಾಗ 1 ಮತ್ತು 4 ಒಣಗಿ ಕಂದು ಬಣ್ಣಕ್ಕಿದ್ದವು. 2 ಮತ್ತು 3 ಪೆಟ್ರೋಲಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿದ್ದವು. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಇಗ್ನಿಷನ್ ಕಾಯಿಲ್‌ಗಳಿವೆ. ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯ ಎರಡೂ ಪ್ಲಗ್ಗಿಗೆ ಒಂದೇ ಸಲ ಕಿಡಿ ಹೋಗುತ್ತದೆ, ಒಂದರಲ್ಲಿ ಅದು ಕೆಲಸಕ್ಕೆ ಬರುತ್ತದೆ, ಇನ್ನೊಂದರಲ್ಲಿ ಹೊಗೆ ಹೊರಹೋಗುವ ಹೊತ್ತಿನಲ್ಲಿ ವ್ಯರ್ಥವಾಗುತ್ತದೆ. ಹಾಗಾಗಿ 2 ಮತ್ತು 3 ಒಟ್ಟಿಗೆ ಸತ್ತಿದ್ದರೆ ಅನುಮಾನ ಪಡಬೇಕಾದ ಜಾಗಗಳು ಬೆರಳೆಣಿಕೆಯಷ್ಟು: ಆ ಕಾಯಿಲ್, ಅದರ ಪ್ಲಗ್ ವೈರುಗಳು, ಕಾಯಿಲಿನಿಂದ ಇಸಿಎಂಗೆ ಹೋಗುವ ಒಂದು ತಂತಿ, ಇಸಿಎಂ ಒಳಗೆ ಆ ಕಾಯಿಲನ್ನು ಆನ್-ಆಫ್ ಮಾಡುವ ಡ್ರೈವರ್. ಈ ಗಾಡಿಯಲ್ಲಿ ಡ್ರೈವರ್ ಇಸಿಎಂ ಒಳಗೇ ಇದೆ, ಹೊರಗೆ ಬೇರೆ ಇಗ್ನೈಟರ್ ಇಲ್ಲ.

ಕಾಯಿಲಿನ ಕಪ್ಲರ್‌ನಲ್ಲಿ ಮೂರು ಪಿನ್. ನಡುವಿನದಕ್ಕೆ ಕೀ ಆನ್ ಆದಾಗ 12 ವೋಲ್ಟ್ ಬರಬೇಕು, ಬರುತ್ತಿತ್ತು. ಅಕ್ಕಪಕ್ಕದ ಎರಡನ್ನು ಇಸಿಎಂ ಅರ್ತ್‌ಗೆ ಎಳೆದು ಬಿಡುತ್ತದೆ. ಎಲ್‌ಇಡಿ ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ ಕೊಟ್ಟು, ಇನ್ನೊಂದನ್ನು ಕಪ್ಲರ್‌ನ ಹಾರ್ನೆಸ್ ಕಡೆಯ ಪಿನ್ನಿಗೆ ಮುಟ್ಟಿಸಿ ಸೆಲ್ಫ್ ಹೊಡೆದರೆ, 1-4ರ ಪಿನ್ನಿನಲ್ಲಿ ದೀಪ ಚುರುಕಾಗಿ ಮಿಣುಕುತ್ತದೆ. 2-3ರ ಪಿನ್ನಿನಲ್ಲಿ ಮಿಣುಕಲಿಲ್ಲ. ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ 1-4ರದ್ದು ಪುಸ್ತಕದ ಚಿತ್ರದಂತಿತ್ತು: 12 ವೋಲ್ಟಿನಿಂದ ಕೆಳಗಿಳಿದು ಸುಮಾರು 3 ಮಿಲಿಸೆಕೆಂಡ್ ನಿಂತು, ಬಿಟ್ಟ ಕ್ಷಣ 350 ವೋಲ್ಟ್ ದಾಟಿ ಚಿಮ್ಮಿ, ಆಮೇಲೆ ಕಿಡಿಯ ಗೆರೆ. ಕರೆಂಟ್ ಕ್ಲ್ಯಾಂಪಿನಲ್ಲಿ ಪ್ರತಿ ಸಲವೂ ಇಳಿಜಾರಿನಂತೆ ಏರಿ 6 ಆಂಪಿಯರಿಗೆ ಸ್ವಲ್ಪ ಮೇಲೆ ಮುಟ್ಟುತ್ತಿತ್ತು. 2-3ರದ್ದು 12 ವೋಲ್ಟಿನ ನೇರ ಗೆರೆ, ಕರೆಂಟ್ ಸೊನ್ನೆ.

ಇಲ್ಲಿಗೆ ನಿಲ್ಲಿಸಿ "ಇಸಿಎಂ" ಎಂದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ನಡುವೆ ತಂತಿ ಇದೆಯಲ್ಲ. ಇಸಿಎಂ ಕಪ್ಲರ್ ಬಿಚ್ಚಿ ಆ ತಂತಿಯನ್ನು ಮೀಟರಿನಲ್ಲಿ ನೋಡಿದರೆ ಸೊನ್ನೆ ಓಮ್ ಬಂತು. ಮೀಟರಿನ ಈ ಸೊನ್ನೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ, ಆದರೆ ಆ ಎಳೆ 6 ಆಂಪಿಯರ್ ಹೊರುವುದಿಲ್ಲ. ಅದಕ್ಕೇ ಹೆಡ್‌ಲೈಟಿನ 55 ವ್ಯಾಟ್ ಬಲ್ಬನ್ನು ಆ ತಂತಿಯ ಮೂಲಕವೇ ಉರಿಸಿದೆವು. ಬಲ್ಬ್ ಪೂರ್ತಿ ಬೆಳಕು ಕೊಟ್ಟಿತು, ತಂತಿಯ ಎರಡು ತುದಿಗಳ ನಡುವೆ ಬಿದ್ದ ವೋಲ್ಟೇಜ್ 0.08 ಮಾತ್ರ. ತಂತಿ ಅರ್ತ್‌ಗಾಗಲಿ ಪಾಸಿಟಿವ್‌ಗಾಗಲಿ ಎಲ್ಲೂ ಶಾರ್ಟ್ ಆಗಿರಲಿಲ್ಲ. ಇಸಿಎಂನ ಅರ್ತ್ ಪಿನ್ನುಗಳನ್ನೂ ಹೀಗೇ ಲೋಡ್ ಕೊಟ್ಟು ನೋಡಿದೆವು, ಬ್ಯಾಟರಿ ನೆಗೆಟಿವ್‌ಗೆ ಹೋಲಿಸಿದರೆ 0.04 ವೋಲ್ಟ್. ಹಳೆಯ ಗಾಡಿಗಳಲ್ಲಿ "ಇಸಿಎಂ ಹೋಗಿದೆ" ಎಂದು ಬರುವ ಪ್ರಕರಣಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ತುಕ್ಕು ಹಿಡಿದ ಅರ್ತ್ ಬೋಲ್ಟುಗಳನ್ನೇ. ಮಲೆನಾಡಿನ ಮಳೆಯಲ್ಲಿ ಇದು ಇನ್ನೂ ಹೆಚ್ಚು. ಇಲ್ಲಿ ಮಾತ್ರ ಅದಲ್ಲ.

ಈಗ ಇಸಿಎಂ ಬಿಚ್ಚಬಹುದು. ಮುಚ್ಚಳಕ್ಕೆ ಹಾಕಿದ ಗಮ್ಮನ್ನು ಹಾಟ್ ಏರ್‌ನಿಂದ ಮೆತ್ತಗೆ ಮಾಡಿ ಅಂಚಿನಿಂದ ಎಬ್ಬಿಸಿದಾಗ ಮೊದಲು ಬಂದಿದ್ದೇ ಸುಟ್ಟ ವಾಸನೆ. 1990ರ ಸುತ್ತಮುತ್ತಲಿನ ಇಸಿಎಂಗಳಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರಿ ಬೋರ್ಡನ್ನೇ ತಿಂದುಹಾಕುವುದು ಸಾಮಾನ್ಯ, ಅದರ ವಾಸನೆ ಮೀನಿನ ಹಾಗೆ ಬೇರೆಯೇ ಇರುತ್ತದೆ. ಇದರಲ್ಲಿ ಕೆಪಾಸಿಟರ್‌ಗಳು ಚೆನ್ನಾಗಿದ್ದವು. ಅಂಚಿನಲ್ಲಿ ಹೀಟ್‌ಸಿಂಕಿಗೆ ಅಂಟಿಸಿದ್ದ ಎರಡು ಐಜಿಬಿಟಿಗಳಲ್ಲಿ (ಕಾಯಿಲನ್ನು ಆನ್-ಆಫ್ ಮಾಡುವ ಡ್ರೈವರ್ ಇವೇ) ಒಂದರ ಮೈ ಸೀಳಿತ್ತು. ಅದರಿಂದ ಹೊರಟ ತಾಮ್ರದ ದಾರಿ ಒಂದು ಕಡೆ ಕಪ್ಪಾಗಿ ಆವಿಯಾಗಿ ಹೋಗಿ, ಬೋರ್ಡಿನ ಪದರಗಳು ಉಬ್ಬಿದ್ದವು. ಪಕ್ಕದ ಇನ್ನೊಂದು ಐಜಿಬಿಟಿ ಹೊಸದರಂತಿತ್ತು.

ಮೇಷ್ಟ್ರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಅಲ್ಲ ಮಾರಾಯ, ಅವ್ರೂ ಇಸಿಎಂ ಅಂದ್ರು, ನೀನೂ ಅದನ್ನೇ ಅಂತೀಯ. ಇಷ್ಟೆಲ್ಲ ಮಾಡಿದ್ದಕ್ಕೆ ವ್ಯತ್ಯಾಸ ಏನು?"

"ಮೇಷ್ಟ್ರೇ, ಅವರು ಹೇಳಿದ್ದು ತಪ್ಪಲ್ಲ. ಆದ್ರೆ ಇದು ತಾನಾಗೇ ಸುಡಲ್ಲ. ಏನೋ ಇದನ್ನ ಸುಟ್ಟಿದೆ, ಅದು ಇನ್ನೂ ಗಾಡಿಯಲ್ಲೇ ಇದೆ. ಅದು ಸಿಗೋ ತನಕ ಹೊಸ ಇಸಿಎಂ ತರೋದು ಬೇಡ."

ಸುಟ್ಟಿದ್ದು ಯಾರು

ಕಾಯಿಲ್ ಪ್ರೈಮರಿಯ (ಇಸಿಎಂ ನಡೆಸುವ ಕಡೆಯ ಸುತ್ತಿನ) ರೆಸಿಸ್ಟೆನ್ಸ್ ಅರ್ಧ ಓಮ್ ಮಾತ್ರ ಇರುವಂಥದ್ದು. ಸಾಮಾನ್ಯ ಮಲ್ಟಿಮೀಟರಿನ ತಂತಿಗಳಲ್ಲೇ 0.2, 0.3 ಓಮ್ ಇರುತ್ತದೆ, ಅದರಿಂದ ಅಳೆದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ತರ ಕಾಣುತ್ತದೆ. ಸುಲಭದ ದಾರಿ ಇದೆ: ಬೆಂಚ್ ಸಪ್ಲೈಯಿಂದ ಸರಿಯಾಗಿ 1 ಆಂಪಿಯರ್ ಹರಿಸಿ, ಕಾಯಿಲಿನ ಪಿನ್ನುಗಳ ಮೇಲೇ ವೋಲ್ಟೇಜ್ ನೋಡುವುದು. ಎಷ್ಟು ವೋಲ್ಟೋ ಅಷ್ಟೇ ಓಮ್. 1-4ರ ಕಾಯಿಲ್ 0.52 ತೋರಿಸಿತು, 2-3ರದ್ದು 0.19. ಒಳಗೆ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ. ಕಾಯಿಲನ್ನು ತಿರುಗಿಸಿ ನೋಡಿದರೆ ಆ ಅರ್ಧಭಾಗದ ರೆಸಿನ್ ಉಬ್ಬಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಶಾರ್ಟ್ ಆದ ಕಾಯಿಲಿನಲ್ಲಿ ಕರೆಂಟ್ ನಿಧಾನಕ್ಕೆ ಏರುವುದಿಲ್ಲ, ಹಾರುತ್ತದೆ. ಇಸಿಎಂ ಅದೇ 3 ಮಿಲಿಸೆಕೆಂಡ್ ಹಿಡಿದಿರುತ್ತದೆ, ಆದರೆ 6 ಆಂಪಿಯರ್ ಇರಬೇಕಾದಲ್ಲಿ ಅದರ ಹಲವು ಪಟ್ಟು ಹರಿದುಬಿಡುತ್ತದೆ. ಐಜಿಬಿಟಿ ಆ ಬಿಸಿ ತಡೆಯಲಾರದೆ ಶಾರ್ಟ್ ಆಗುತ್ತದೆ. ಶಾರ್ಟ್ ಆದಮೇಲೆ ಕಾಯಿಲಿಗೆ ಬಿಡುವೇ ಇಲ್ಲ, ಕೀ ಆನ್ ಇರುವಷ್ಟು ಹೊತ್ತೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಗಾಡಿಯನ್ನು ಕಾಪಾಡಬೇಕಾದ್ದು ಫ್ಯೂಸ್.

ಫ್ಯೂಸ್ ಬಾಕ್ಸ್ ತೆಗೆದಾಗ ಉತ್ತರ ಎದುರಿಗೇ ಇತ್ತು. ಮುಚ್ಚಳದ ಮೇಲಿನ ಪಟ್ಟಿಯ ಪ್ರಕಾರ ಇಗ್ನಿಷನ್ ಜಾಗದಲ್ಲಿ 15 ಆಂಪಿಯರ್, ಅಂದರೆ ನೀಲಿ ಫ್ಯೂಸ್ ಇರಬೇಕು. ಅಲ್ಲಿದ್ದದ್ದು ಹಸಿರು, 30 ಆಂಪಿಯರ್. ಘಾಟಿಯ ತೊಂದರೆಗೆ ಸ್ವಲ್ಪ ಮೊದಲು ಗಾಡಿ ರಸ್ತೆಯಲ್ಲಿ ನಿಂತಿತ್ತು, ಯಾರೋ "ಫ್ಯೂಸ್ ಹೋಗಿದೆ" ಎಂದು ಬದಲಾಯಿಸಿ ಕೊಟ್ಟಿದ್ದರು ಎಂದು ಮೇಷ್ಟ್ರು ಆಗ ನೆನಪಿಸಿಕೊಂಡರು. ನೀಲಿ ಫ್ಯೂಸ್ ತನ್ನ ಕೆಲಸ ಮಾಡಿ ಹೋಗಿತ್ತು. ಹಸಿರು ಫ್ಯೂಸ್ ಹೋಗಲಿಲ್ಲ, ಅದರ ಬದಲು ಬೋರ್ಡಿನ ತಾಮ್ರ ಹೋಯಿತು.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ಕಾಯಿಲ್ ಯಾಕೆ ಶಾರ್ಟ್ ಆಯಿತು? ಪ್ಲಗ್ ವೈರುಗಳನ್ನು ಅಳೆದೆವು. ಮೂರು ವೈರುಗಳು ಉದ್ದಕ್ಕೆ ತಕ್ಕಂತೆ 5ರಿಂದ 9 ಕಿಲೋಓಮ್ ಒಳಗಿದ್ದವು. 3ನೆಯ ಸಿಲಿಂಡರಿನದ್ದು ಏನನ್ನೂ ತೋರಿಸಲಿಲ್ಲ, ಓಪನ್. ಪ್ಲಗ್ ಕಡೆಯ ರಬ್ಬರ್ ಬೂಟನ್ನು ಉದ್ದಕ್ಕೆ ಸೀಳಿ ನೋಡಿದಾಗ ಒಳಗಿನ ಕಾರ್ಬನ್ ನೂಲು ಟರ್ಮಿನಲ್ಲಿನಿಂದ ಕಿತ್ತು ಬಂದಿತ್ತು. ನಡುವಿನ ಅರ್ಧ ಇಂಚು ಜಾಗದಲ್ಲಿ ಬಿಳಿ ಪುಡಿ, ಸುತ್ತಲೂ ಕರಕಲು. ಕಿಡಿ ಅಷ್ಟು ದಿನ ಆ ಸಂದನ್ನು ಹಾರಿಕೊಂಡೇ ಹೋಗುತ್ತಿತ್ತು ಎಂಬುದಕ್ಕೆ ಅದೇ ಗುರುತು.

ಇದು ವೈರನ್ನು ಹಿಡಿದು ಎಳೆದಾಗ ಆಗುವ ಗಾಯ. ಕಾರ್ಬ್ಯುರೇಟರ್ ಕಾಲದಿಂದ ಬಂದ ಅಭ್ಯಾಸ ಒಂದಿದೆ: ಎಂಜಿನ್ ಮಿಸ್ ಹೊಡೆದರೆ ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವೈರ್ ಕೀಳುವುದು, ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಎನ್ನುವುದು. ಪಾಯಿಂಟು, ಕಂಡೆನ್ಸರ್ ಇದ್ದ ಎಂಜಿನ್‌ಗಳಲ್ಲಿ ಇದರಿಂದ ಕೈಗೆ ಶಾಕ್ ಹೊಡೆಯುವುದು ಬಿಟ್ಟರೆ ದೊಡ್ಡ ನಷ್ಟವಿರಲಿಲ್ಲ. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಇದೇ ವಿಧಾನದಿಂದ ಸಾವಿರಾರು ಗಾಡಿಗಳನ್ನು ಸರಿಮಾಡಿದ್ದಾರೆ. ಆದರೆ 2000ದ ಏಪ್ರಿಲ್ 1ರಿಂದ ದೇಶದಾದ್ಯಂತ ಹೊಸ ಹೊಗೆ ನಿಯಮ ಬಂದಮೇಲೆ ಕಾರಿನ ಒಳಗೇ ಬದಲಾಯಿತು. ಇಸಿಎಂ ನಡೆಸುವ ಇಂಥ ಕಾಯಿಲಿನ ಶಕ್ತಿ ಹೆಚ್ಚು. ವೈರ್ ಕಿತ್ತಾಗ ಅದಕ್ಕೆ ಹೊರಹೋಗಲು ದಾರಿ ಇರುವುದಿಲ್ಲ. ಜೋಡಿ ಕಾಯಿಲಿನಲ್ಲಂತೂ ಎರಡೂ ಪ್ಲಗ್ಗುಗಳು ಒಂದೇ ಸರಪಳಿಯಲ್ಲಿರುವುದರಿಂದ ಒಂದು ವೈರ್ ಓಪನ್ ಆದರೆ ಇಡೀ ಕಾಯಿಲಿಗೆ ಪೆಟ್ಟು. ವೋಲ್ಟೇಜ್ ಮೇಲೆ ಮೇಲೆ ಏರಿ ಕಾಯಿಲಿನ ಒಳಗಿನ ಇನ್ಸುಲೇಷನ್ ಕೊರೆದು ದಾರಿ ಮಾಡಿಕೊಳ್ಳುತ್ತದೆ, ಉಳಿದಿದ್ದನ್ನು ಇಸಿಎಂ ಒಳಗಿನ ಐಜಿಬಿಟಿ ನುಂಗಬೇಕಾಗುತ್ತದೆ.

ಹಾಗಾಗಿ ಕ್ರಮ ಹೀಗೆ: ಎಳೆದಿದ್ದರಿಂದ ವೈರಿನ ನೂಲು ಕಿತ್ತಿತು, ಕಿತ್ತ ವೈರು ಕಾಯಿಲನ್ನು ಹಾಳುಮಾಡಿತು, ಹಾಳಾದ ಕಾಯಿಲ್ ನೀಲಿ ಫ್ಯೂಸನ್ನು ಸುಟ್ಟಿತು, ಹಸಿರು ಫ್ಯೂಸ್ ಬಂದಮೇಲೆ ಇಸಿಎಂ ಸುಟ್ಟಿತು. ಕೆಲವು ನೂರು ರೂಪಾಯಿಯ ವೈರಿನಿಂದ ಶುರುವಾದದ್ದು.

ಸಿಲಿಂಡರ್ ಪರೀಕ್ಷೆ ಈಗಲೂ ಬೇಕು, ಅದಕ್ಕೆ ಬೇರೆ ದಾರಿ ಇದೆ. ಪ್ಲಗ್ ವೈರ್ ಬದಲು ಆ ಸಿಲಿಂಡರಿನ ಇಂಜೆಕ್ಟರ್ ಕಪ್ಲರ್ ಬಿಚ್ಚಿ. ಕಾಯಿಲಿಗೆ ತೊಂದರೆಯಿಲ್ಲ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಹೋಗುವುದಿಲ್ಲ. ಕಿಡಿ ನೋಡಬೇಕಾದರೆ ಎಂಜಿನ್ ಆಫ್ ಮಾಡಿ, ಬೂಟ್ ಹಿಡಿದು ತಿರುಗಿಸಿ ಬಿಚ್ಚಿ, ಅರ್ತ್ ಕ್ಲಿಪ್ ಇರುವ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಬದಲಿ ಇಸಿಎಂ

ಹೊಸದು ಸಿಗಲಿಲ್ಲ, ಆ ನಂಬರಿನ ಸರಬರಾಜೇ ನಿಂತಿತ್ತು. ಇದ್ದ ಬೋರ್ಡನ್ನೇ ರಿಪೇರಿ ಮಾಡುವುದು ಎರಡನೇ ದಾರಿ. ಐಜಿಬಿಟಿ ಮಾತ್ರ ಹೋಗಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ, ಬಿಡಿಭಾಗಕ್ಕೆ ಹೆಚ್ಚು ಖರ್ಚಿಲ್ಲ. ಆದರೆ ಹಲವು ಪದರದ ಬೋರ್ಡ್ ಉಬ್ಬಿದ ಮೇಲೆ ಒಳಗಿನ ದಾರಿಗಳ ಬಗ್ಗೆ ಭರವಸೆ ಕೊಡಲಾಗುವುದಿಲ್ಲ. ಘಾಟಿಯಲ್ಲಿ ಓಡಾಡುವ ಗಾಡಿಗೆ ಅರೆಮನಸ್ಸಿನ ರಿಪೇರಿ ಬೇಡ ಅನ್ನಿಸಿತು. ಉಳಿದದ್ದು ಸೆಕೆಂಡ್‌ಹ್ಯಾಂಡ್.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಿಲ್ಲಿನ ಸಮೇತ ಒಂದನ್ನು ತರಿಸಿದೆವು. ಕೊಳ್ಳುವವರು ಗಮನಿಸಬೇಕಾದ ಮೊದಲ ವಿಷಯ ಸ್ಟಿಕ್ಕರಿನ ಮೇಲಿನ ನಂಬರು. ಡಬ್ಬ ಒಂದೇ, ಕಪ್ಲರ್ ಒಂದೇ, ಗಾಡಿಯ ಮಾಡೆಲ್ ಒಂದೇ ಆಗಿದ್ದರೂ ಎಸಿ ಇದ್ದದ್ದು ಇಲ್ಲದ್ದು, ಪವರ್ ಸ್ಟೀರಿಂಗ್ ಇದ್ದದ್ದು ಇಲ್ಲದ್ದು, ಇಮ್ಮೊಬಿಲೈಸರ್ ಇದ್ದದ್ದು ಇಲ್ಲದ್ದು ಎಂದು ನಂಬರ್ ಬದಲಾಗುತ್ತದೆ. ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ಹೊಂದಬೇಕು. ಕೊನೆಯ ಒಂದು ಅಂಕಿ ವ್ಯತ್ಯಾಸವಿದ್ದರೂ "ನಡೆಯುತ್ತೆ ಸಾರ್" ಅನ್ನುವವರ ಮಾತು ಕೇಳಬೇಡಿ. ಆಮೇಲೆ ಮುಚ್ಚಳದ ಗಮ್ ಒಡೆದಿದೆಯೇ, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ನೀರು ಹೊಕ್ಕ ಇಸಿಎಂ ಒಂದು ಮಳೆಗಾಲವೂ ಬಾಳುವುದಿಲ್ಲ.

ಗಾಡಿಗೆ ಹಾಕುವ ಮೊದಲು ಅದನ್ನು ಬೆಂಚಿನ ಮೇಲೆ ಎಬ್ಬಿಸಿದೆವು. 1 ಆಂಪಿಯರಿಗೆ ಮಿತಿ ಹಾಕಿದ ಸಪ್ಲೈ ಕೊಟ್ಟಾಗ ಅದು ಎಳೆದದ್ದು ಅದರ ಕಾಲುಭಾಗಕ್ಕಿಂತ ಕಡಿಮೆ, ಸ್ಕ್ಯಾನರ್ ಜೊತೆ ಮಾತಾಡಿತು, 5 ವೋಲ್ಟ್ ರೆಫರೆನ್ಸ್ ಸರಿಯಾಗಿ ಬಂತು. ಎರಡೂ ಕಾಯಿಲ್ ಡ್ರೈವರ್ ಪಿನ್ನುಗಳನ್ನು ಮೀಟರಿನ ಡಯೋಡ್ ಮೋಡಿನಲ್ಲಿ ನೋಡಿದರೆ ಒಂದೇ ಅಂಕಿ.

ಹೀಗಿದ್ದೂ ಇದನ್ನು ನೇರವಾಗಿ ಹಾಕಿದ್ದರೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ, ಮೊದಲು ತಂದ ಇಸಿಎಂಗೆ ಆದ ಹಾಗೆಯೇ. ಆ ಇಸಿಎಂ ಬಹುಶಃ ಚೆನ್ನಾಗಿಯೇ ಇತ್ತು. ಕೀಲಿಯ ತಲೆಯಲ್ಲಿರುವ ಚಿಪ್ಪನ್ನು ಇಗ್ನಿಷನ್ ಲಾಕಿನ ಸುತ್ತಲಿನ ಸುರುಳಿ ಓದುತ್ತದೆ, ಇಮ್ಮೊಬಿಲೈಸರ್ ಡಬ್ಬ ಅದನ್ನು ಪರಿಶೀಲಿಸಿ ಇಸಿಎಂಗೆ ಒಂದು ಗುಟ್ಟಿನ ಕೋಡ್ ಕಳಿಸುತ್ತದೆ. ಬೇರೆ ಗಾಡಿಯಿಂದ ಬಂದ ಇಸಿಎಂಗೆ ಆ ಗಾಡಿಯ ಗುಟ್ಟು ಗೊತ್ತು, ನಮ್ಮದು ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಅದು ಪೆಟ್ರೋಲ್ ಬಿಡುವುದಿಲ್ಲ.

ಆ ಗುಟ್ಟು ಇರುವುದು ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ಪಿನಲ್ಲಿ. ಇದರಲ್ಲಿ ಇದ್ದದ್ದು 93ಸಿ56, ಒಟ್ಟು ಸಾಮರ್ಥ್ಯ 256 ಬೈಟ್. ನಮ್ಮ ಅದೃಷ್ಟಕ್ಕೆ ಬೆಂಕಿ ಬೋರ್ಡಿನ ಇನ್ನೊಂದು ತುದಿಯಲ್ಲಿ ಬಿದ್ದಿತ್ತು. ಈ ಕೆಲಸಕ್ಕೆ ಕೈ ಹಾಕುವ ಮೊದಲು ಮೇಷ್ಟ್ರ ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ತೆಗೆದಿಟ್ಟುಕೊಂಡೆ. ಪರಿಚಿತರು ನಿಜ, ಆದರೂ ತೆಗೆದುಕೊಳ್ಳಲೇಬೇಕು. ಕದ್ದ ಗಾಡಿಯನ್ನು ಓಡಿಸಲು ಬೇಕಾಗುವುದೂ ಇದೇ ಕೆಲಸ, ಆದ್ದರಿಂದ ದಾಖಲೆ ಇಲ್ಲದೆ ಯಾರೂ ಇದನ್ನು ಮಾಡಬಾರದು.

ಚಿಪ್ಪನ್ನು ಬೋರ್ಡಿನ ಮೇಲೆ ಇದ್ದ ಹಾಗೇ ಕ್ಲಿಪ್ ಹಾಕಿ ಓದುವವರಿದ್ದಾರೆ. ಸುತ್ತಲಿನ ಭಾಗಗಳೂ ಆ ಕರೆಂಟಿನಲ್ಲಿ ಎಚ್ಚರಗೊಂಡು ಮಧ್ಯೆ ಬಾಯಿ ಹಾಕುವುದರಿಂದ ಓದಿದ್ದು ತಪ್ಪಾಗುವ ಸಾಧ್ಯತೆ ಇದೆ. ನಾವು ಹಾಟ್ ಏರ್‌ನಿಂದ ಬಿಡಿಸಿ, ಪ್ರೋಗ್ರಾಮರಿನಲ್ಲಿಟ್ಟು ಎರಡೆರಡು ಸಲ ಓದಿ, ಎರಡೂ ಫೈಲು ಒಂದೇ ಎಂದು ಖಚಿತಪಡಿಸಿಕೊಂಡೆವು. ಈ 93 ಸರಣಿಯ ಚಿಪ್ಪುಗಳಲ್ಲಿ ಒಂದು ತೊಡಕಿದೆ: ಒಂದೇ ಚಿಪ್ಪನ್ನು 8 ಬಿಟ್ ಲೆಕ್ಕದಲ್ಲೂ ಓದಬಹುದು, 16 ಬಿಟ್ ಲೆಕ್ಕದಲ್ಲೂ ಓದಬಹುದು. ಓದುವಾಗ ಒಂದು, ಬರೆಯುವಾಗ ಇನ್ನೊಂದು ಇಟ್ಟರೆ ಬೈಟುಗಳು ಅದಲುಬದಲಾಗಿ ಎಲ್ಲ ಕೆಡುತ್ತದೆ. ಬದಲಿ ಇಸಿಎಂನ ಚಿಪ್ಪಿನಲ್ಲಿದ್ದ ಮೂಲ ಮಾಹಿತಿಯನ್ನೂ ಉಳಿಸಿಟ್ಟು, ಆಮೇಲೆ ಅದರ ಮೇಲೆ ಹಳೆಯದರ ಮಾಹಿತಿ ಬರೆದು, ಚುಕ್ಕೆ ಇರುವ ಕಾಲು ಸರಿಯಾದ ಕಡೆ ಬರುವಂತೆ ನೋಡಿ ಬೆಸುಗೆ ಹಾಕಿದೆವು. ಸಂಖ್ಯೆ ಹೊಂದಿದ ಇಸಿಎಂ ಆಗಿದ್ದರಿಂದಲೇ ಪೂರ್ತಿ ಫೈಲನ್ನು ಹೀಗೆ ನಕಲು ಮಾಡಲು ಸಾಧ್ಯವಾಯಿತು.

ಜೋಡಣೆ ಮತ್ತು ನಂತರ

ಇಸಿಎಂ ಕೊನೆಗೆ ಬರಬೇಕು. ಮೊದಲು ಹೊಸ ಕಾಯಿಲ್, ಅದನ್ನೂ 1 ಆಂಪಿಯರ್ ಹರಿಸಿ ಅಳೆದೇ ಹಾಕಿದ್ದು. ನಾಲ್ಕೂ ಪ್ಲಗ್ ವೈರ್ ಹೊಸತು, ನಾಲ್ಕೂ ಪ್ಲಗ್ ಹೊಸತು. ಫ್ಯೂಸ್ ಜಾಗಕ್ಕೆ ನೀಲಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಗುರುತಿಗಿಂತ ಮೇಲಿತ್ತು, ಮೂಸಿದರೆ ಪೆಟ್ರೋಲ್. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಚೇಂಬರ್ ಸೇರಿದೆ; ಆ ತೆಳುವಾದ ಆಯಿಲ್‌ನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ತಿನ್ನುತ್ತದೆ. ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿದೆವು. ಬ್ಯಾಟರಿ ನೆಗೆಟಿವ್ ತೆಗೆದು ಇಸಿಎಂ ಕೂರಿಸಿ ಕಪ್ಲರ್ ಲಾಕ್ ಮಾಡಿದಮೇಲೆ ಕೀ ಆನ್. ಇಮ್ಮೊಬಿಲೈಸರ್ ದೀಪ ಹತ್ತಿ ಆರಿತು. ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಹಿಡಿಯಿತು.

ಕರೆಂಟ್ ಕ್ಲ್ಯಾಂಪಿನಲ್ಲಿ ಎರಡೂ ಕಾಯಿಲ್ 6.2, 6.3 ಆಂಪಿಯರ್. ಸ್ಕ್ಯಾನರಿನಲ್ಲಿ ಹಳೆಯ ಅಡಾಪ್ಟೇಷನ್ (ಇಸಿಎಂ ಕಲಿತಿಟ್ಟ ಅಂಕಿಗಳು) ಅಳಿಸಿ, ಎಸಿ ಹಾಕಿ, ತೆಗೆದು, ಐಡ್ಲಿಂಗ್ ಕಲಿಯಲು ಬಿಟ್ಟೆವು. ಬಿಸಿಯಾದಮೇಲೆ ಮ್ಯಾಪ್ 34ಕ್ಕೆ ಇಳಿಯಿತು, ಆಕ್ಸಿಜನ್ ಸೆನ್ಸರ್ 0.1ರಿಂದ 0.8ರ ನಡುವೆ ಸರಸರನೆ ಓಲಾಡತೊಡಗಿತು, ಎಚ್‌ಸಿ 100ರ ಒಳಗೆ ಬಂತು. ನನಗಿದ್ದ ಉಳಿದ ಚಿಂತೆ ಕ್ಯಾಟಲಿಟಿಕ್ ಕನ್ವರ್ಟರ್‌ದು. ಇಷ್ಟು ಕಾಲ ಸುಡದ ಪೆಟ್ರೋಲ್ ಕುಡಿದ ಕನ್ವರ್ಟರ್ ಒಳಗೆ ಕರಗಿ ದಾರಿ ಮುಚ್ಚಿಕೊಂಡಿದ್ದರೆ ಪಿಕಪ್ ಬರುವುದೇ ಇಲ್ಲ. ಆಕ್ಸಿಜನ್ ಸೆನ್ಸರಿನ ರಂಧ್ರದಲ್ಲಿ ಗೇಜ್ ಹಾಕಿ ಹಿಮ್ಮುಖ ಒತ್ತಡ ನೋಡಿದೆವು: ಐಡ್ಲಿಂಗಿನಲ್ಲಿ 0.8 ಪಿಎಸ್‌ಐ, 2,500 ಆರ್‌ಪಿಎಂನಲ್ಲಿ 2.1. ಇದು ಮಿತಿಯೊಳಗಿದೆ. ಕನ್ವರ್ಟರ್ ಉಳಿದುಕೊಂಡಿದೆ.

ಹಳೆಯ ಇಸಿಎಂ, ಸೀಳಿದ ವೈರು, ಹಸಿರು ಫ್ಯೂಸ್ ಎಲ್ಲವನ್ನೂ ಮೇಷ್ಟ್ರ ಕೈಗೆ ಕೊಟ್ಟೆ, ಚಿಪ್ಪಿನ ಫೈಲಿರುವ ಪೆನ್‌ಡ್ರೈವ್ ಸಮೇತ. ಮುಂದೆಂದಾದರೂ ಇಸಿಎಂ ಬದಲಾಯಿಸಬೇಕಾಗಿ ಬಂದರೆ ಅದು ಇಲ್ಲದೆ ಕೆಲಸ ಮೂರು ಪಟ್ಟು ಕಷ್ಟ. ಮೊದಲು ಈ ಗಾಡಿ ನೋಡಿದ್ದ ಮೆಕ್ಯಾನಿಕ್‌ಗೂ ಮೇಷ್ಟ್ರ ಅನುಮತಿ ಪಡೆದು ಫೋನ್ ಮಾಡಿ, ಆದದ್ದನ್ನೆಲ್ಲ ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಶಿವಮೊಗ್ಗಕ್ಕೆ ಬಂದಾಗ ಶೆಡ್ಡಿಗೆ ಬಂದು ಸ್ಕೋಪಿನಲ್ಲಿ ಒಳ್ಳೆಯ ಕಾಯಿಲಿನ ಗೆರೆ ನೋಡಿದರು, ಬಲ್ಬಿನಿಂದ ತಂತಿ ಪರೀಕ್ಷಿಸುವುದನ್ನು ತಾವೇ ಒಮ್ಮೆ ಮಾಡಿ ನೋಡಿದರು. ಅರ್ತ್ ಕ್ಲಿಪ್ಪಿನ ಸ್ಪಾರ್ಕ್ ಟೆಸ್ಟರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನಮ್ಮಲ್ಲಿ ಎರಡಿತ್ತು, ಒಂದನ್ನು ಕೊಟ್ಟು ಕಳಿಸಿದೆ.